ಎಲ್ಲಿದ್ದೀಯ ಅಂತಾರೆ, ಯಾಕಿದ್ದೀಯ ಅನ್ನಲ್ಲ!

(ಮಂಗಳೂರು–ಬೆಂಗಳೂರು ನಡುವೆ ಓಡುವ ಸರಕು ಲಾರಿಯ ಡ್ಯಾಶ್‌ಬೋರ್ಡ್ ಹಿಂದೆ ಅಡಗಿ ಕೂತ ಜಿಪಿಎಸ್ ಪೆಟ್ಟಿಗೆ, ಗೋದಾಮಿನ ಗೇಟಲ್ಲಿ ಅನ್‌ಲೋಡಿಂಗ್ ಸರದಿಗೆ ಕಾಯುವಾಗ ಮಾತಿಗೆ ಸಿಕ್ಕಿತು.)

ತಮ್ಮ ಕೆಲಸ?

ಚಾಡಿ ಹೇಳೋದು. ನಾಲ್ಕು ಉಪಗ್ರಹ ಕಂಡರೆ ಸಾಕು, ಎಲ್ಲಿದ್ದೀನಿ ಅಂತ ಲೆಕ್ಕ ಹಾಕ್ತೀನಿ. ಹೊಟ್ಟೆಯೊಳಗಿನ ಸಿಮ್ಮು ಅದನ್ನ ಓನರ್ ಮೊಬೈಲಿಗೆ ಮುಟ್ಟಿಸುತ್ತೆ. ಇಗ್ನಿಷನ್ ವೈರೂ ನನ್ನ ಕೈಲಿದೆ. ಎಂಜಿನ್ ಆನ್ ಇಟ್ಟು ನಿದ್ದೆ ಹೊಡೆದರೂ ಗೊತ್ತಾಗುತ್ತೆ.

ಶಿರಾಡಿ ಘಾಟಿಯಲ್ಲಿ ಸಿಗ್ನಲ್ ಹೋದರೆ?

ಮರೆತುಬಿಡ್ತೀನಿ ಅಂದ್ಕೊಂಡ್ರಾ? ಎಲ್ಲ ಬರೆದಿಟ್ಟುಕೊಂಡು, ಟವರ್ ಸಿಕ್ಕ ಕೂಡಲೇ ಒಪ್ಪಿಸ್ತೀನಿ.

ಓನರ್‌ಗೆ ಏನು ಲಾಭ?

ದಾರಿ ತಪ್ಪಿದರೆ ಮೆಸೇಜು. ಟ್ಯಾಂಕಿಗೆ ಸೆನ್ಸರ್ ಹಾಕಿಸಿದ್ದರೆ, ನಿಂತ ಗಾಡಿಯ ಡೀಸೆಲ್ ದಿಢೀರನೆ ಇಳಿದ ಸುದ್ದಿಯೂ ಹೋಗುತ್ತೆ. ಕಿಲೋಮೀಟರ್ ನೋಡಿ ಸರ್ವೀಸಿಗೆ ಬಿಡಬಹುದು. ಖಾಲಿ ಗಾಡಿ ಎಲ್ಲಿದೆ ಅಂತ ತಿಳಿದರೆ ಅಲ್ಲೇ ಹತ್ತಿರದ ಲೋಡ್ ಹಿಡಿಯಬಹುದು.

ಡ್ರೈವರುಗಳಿಗೆ ನಿಮ್ಮನ್ನ ಕಂಡರಾಗದಂತೆ?

ಒಬ್ಬ ವೈರ್ ಕಿತ್ತ. ಒಳಗಿನ ಬ್ಯಾಟರಿಯಲ್ಲೇ ಆ ಸುದ್ದಿಯನ್ನೂ ಕಳಿಸಿದೆ. ಇನ್ನೊಬ್ಬ ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆ ಹೊದಿಸಿದ. ಲಾರಿಯೇ ಕಳುವಾಯ್ತು ಅಂತ ಓನರ್ ಸ್ಟೇಷನ್‌ಗೆ ಹೊರಟುಬಿಟ್ಟಿದ್ರು.

ಸರ್ಕಾರದ ಕೃಪೆ?

ಬಸ್ಸು, ಟ್ಯಾಕ್ಸಿಗಳಲ್ಲಿರೋ ನಮ್ಮ ಬಂಧುಗಳಿಗೆ ಭಾರೀ ಕೃಪೆ. ಕೇಂದ್ರ ಮೋಟಾರು ವಾಹನ ನಿಯಮ 125ಎಚ್ ಪ್ರಕಾರ 2019ರ ಜನವರಿ 1ರಿಂದ ನೋಂದಣಿಯಾದ ಗಾಡಿಗಳಿಗೆ ತುರ್ತು ಗುಂಡಿ ಸಮೇತ ಅವರು ಕಡ್ಡಾಯ. ಎಷ್ಟೋ ಮಂದಿಗೆ ಅವರ ನೆನಪಾಗೋದು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸೋ ದಿನ ಮಾತ್ರ!

ಹಾಗಾದರೆ ನಿಮಗೇನು ಬೇಜಾರು?

ಡಾಬಾ ಮುಂದೆ ಅರ್ಧ ಗಂಟೆ ನಿಂತರೆ, ‘ಏನಯ್ಯಾ, ಮಲಗಿಬಿಟ್ಯಾ?’ ಅಂತ ಡ್ರೈವರ್‌ಗೆ ಫೋನು. ಇಲ್ಲಿ ಬೆಳಿಗ್ಗೆಯಿಂದ ಗೇಟು ಕಾಯ್ತಿದ್ದೀವಿ. ಅದೂ ರಿಪೋರ್ಟಲ್ಲಿದೆ, ನಿಮಿಷದ ಲೆಕ್ಕದ ಸಮೇತ. ಗೋದಾಮಿನವರಿಗೆ ಮಾತ್ರ ಯಾರೂ ಫೋನ್ ಮಾಡಲ್ಲ. ಹಾಲ್ಟಿಂಗ್ ಚಾರ್ಜ್ ಕೇಳೋಕೆ ಓನರ್‌ಗೆ ನಾಲಿಗೆ ಏಳಲ್ಲ. ನಾಳೆ ಲೋಡ್ ಕೊಡೋರು ಅವರೇ ತಾನೆ? ನನ್ನ ಸಾಕ್ಷಿ ನಡೆಯೋದು ಡ್ರೈವರ್ ಮೇಲೆ ಮಾತ್ರ.

ಪರಿಹಾರ?

ಗೋದಾಮಿಗೂ ಒಂದು ಜಿಪಿಎಸ್ ಹಾಕ್ಸಿ.

ಅದು ಎಲ್ಲೂ ಹೋಗಲ್ವಲ್ಲ!

ದುಡಿಯದೆ ನಿಂತಲ್ಲೇ ನಿಂತಿರೋದನ್ನ ಹಿಡಿದುಕೊಡೋಕೇ ಅಲ್ವೇ ನನಗೆ ಸಂಬಳ?