ಸಂಪಾದಕರ ಮನೆ ಕಾಫಿ

ಮುಂಬಯಿ ಕನ್ನಡಿಗರಿಗೆ ಪತ್ರಿಕೆ ಹೊರಡಿಸುವ ಚಟ ಹೊಸದಲ್ಲ. ಮೈಸೂರು ಅಸೋಸಿಯೇಷನ್ನಿನದು ‘ನೇಸರು’, ಮೊಗವೀರರದು ‘ಮೊಗವೀರ’, ಬಿಲ್ಲವರದು ‘ಅಕ್ಷಯ’. ಇಬ್ಬರು ಸೇರಿದರೆ ಸಂಘ, ನಾಲ್ವರು ಸೇರಿದರೆ ಮಾಸಪತ್ರಿಕೆ. ಡೊಂಬಿವಲಿ ಪೂರ್ವದ ನಮ್ಮ ಸಂಪಾದಕರದು ಮಾತ್ರ ಒಬ್ಬರದೇ ಸಂಘ. ಅವರ ಜಾತಿ ಪಂಕ್ ರಾಕ್.

ಬ್ಯಾಂಕಿನಿಂದ ನಿವೃತ್ತರು. ಪಂಕ್‌ನವರ ಹಾಗೆ ಕೂದಲು ನೆಟ್ಟಗೆ ನಿಲ್ಲಿಸೋಣವೆಂದರೆ ಕೂದಲೇ ಇಲ್ಲ. ಬ್ಯಾಂಕಿನವರಿಗೂ ಪಂಕಿಗೂ ಎಲ್ಲಿಯ ಸಂಬಂಧ ಎಂದು ಕೇಳಿಬಿಟ್ಟಿರೋ, ಮಾರ್ಕ್ ಪೆರಿಯ ಪುರಾಣ ಶುರು. ಲಂಡನ್ನಿನ ಈ ಬ್ಯಾಂಕ್ ಗುಮಾಸ್ತ ರಾಮೋನ್ಸ್ ಎಂಬ ಪಂಕ್ ಬ್ಯಾಂಡನ್ನು ಕೇಳಿ ತಲೆಕೆಟ್ಟು, 1976ರ ಜುಲೈಯಲ್ಲಿ ‘ಸ್ನಿಫಿನ್ ಗ್ಲೂ’ ಎಂಬ ಜೆರಾಕ್ಸ್ ಪತ್ರಿಕೆ ಹೊರಡಿಸಿದ. ನೌಕರಿಯನ್ನೂ ಬಿಟ್ಟ. ಓದುಗರಿಗೆ ‘ನೀವೇ ಒಂದು ಹೊರಡಿಸಿ’ ಎಂದ. 1977ರಲ್ಲಿ ನಿಲ್ಲಿಸಿಯೂ ಬಿಟ್ಟ. ನಮ್ಮವರು ನೌಕರಿ ಬಿಡಲಿಲ್ಲ, ಪೆನ್ಶನ್ ಬರುತ್ತಿದೆ. ಪತ್ರಿಕೆ ನಿಲ್ಲಿಸುವ ಲಕ್ಷಣವೂ ಇಲ್ಲ.

ಬ್ಯಾಂಡುಗಳ ವಿಮರ್ಶೆ ಇಂಗ್ಲಿಷಿನಲ್ಲಿ, ಸಂಪಾದಕೀಯ ಕನ್ನಡದಲ್ಲಿ. ಪಂಕ್ ಕೇಳುವ ಕಲ್ಯಾಣದ ಹುಡುಗರಿಗೆ ಕನ್ನಡ ಬಾರದು, ಕನ್ನಡ ಬಲ್ಲ ಸಂಘದವರಿಗೆ ಪಂಕ್ ಬೇಡ. ಎರಡನ್ನೂ ಓದಬಲ್ಲವನು ನಾನೊಬ್ಬ. ಹಾಗಾಗಿ ಮೊದಲ ಫೋನು ನನಗೇ ಬರುತ್ತದೆ: “ಮಾರಾಯ್ರೇ, ಭಾನುವಾರ ಬನ್ನಿ, ಒಂದು ಕಾಫಿ ಕುಡಿಯುವ.”

ಹೋದರೆ ಹಾಲಿನ ತುಂಬ ಹಾಳೆ, ಕಾಲಿಡಲು ಜಾಗವಿಲ್ಲ. ಹದಿನಾರು ಪುಟಕ್ಕೆ ನಾಲ್ಕು ಎ4 ಹಾಳೆ. ಒಂದೊಂದು ಮಗ್ಗುಲಲ್ಲಿ ಬೀಳುವ ಎರಡು ಪುಟಗಳ ಅಂಕೆ ಕೂಡಿಸಿದರೆ 17 ಬರಲೇಬೇಕು. 1ರ ಜೊತೆ 16, 2ರ ಜೊತೆ 15, ನಡುವೆ 8 ಮತ್ತು 9. ಇದನ್ನು ಮಗ್ಗಿಯ ಹಾಗೆ ಒಪ್ಪಿಸಿದ ಮೇಲೆಯೇ ನಮಗೆ ಕೂರಲು ಅಪ್ಪಣೆ. ಉದ್ದ ಕೈಯ ಸ್ಟೇಪ್ಲರನ್ನು ಅವರು ಯಾರ ಕೈಗೂ ಕೊಡುವುದಿಲ್ಲ. ಮಡಚುವುದು, ಮಡಿಕೆಯ ಮೇಲೆ ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜುವುದು ನಮ್ಮ ಪಾಲು. ಮನೆಯ ಚಮಚಗಳೆಲ್ಲ ನಮ್ಮ ಕೈಯಲ್ಲೇ ಇರುವುದರಿಂದ ಅವರ ಹೆಂಡತಿ ಕಾಫಿಗೆ ಸಕ್ಕರೆಯನ್ನು ಡಬ್ಬಿಯಿಂದಲೇ ಸುರಿಯುತ್ತಾರೆ.

ಹಿನ್ನೆಲೆಯಲ್ಲಿ ಸ್ಪೀಕರು ಬೊಬ್ಬಿಡುತ್ತಿರುತ್ತದೆ. ಒಮ್ಮೆ ಸೊಸೈಟಿಯ ಸೆಕ್ರೆಟರಿ ಬಾಗಿಲು ಬಡಿದು, ಭಾನುವಾರ ಟೈಲ್ಸ್ ಒಡೆಯಲು ಯಾರು ಪರವಾನಗಿ ಕೊಟ್ಟರು ಎಂದು ಕೇಳಿದರು. ಸಂಪಾದಕರಿಗೆ ಸಿಟ್ಟು ಬರಲಿಲ್ಲ. ಆ ಮಾತನ್ನು ಮುಂದಿನ ಸಂಚಿಕೆಯಲ್ಲಿ ಬ್ಯಾಂಡಿನ ಹೆಸರಿನ ಕೆಳಗೆ ವಿಮರ್ಶೆಯೆಂದು ಹಾಗೆಯೇ ಅಚ್ಚು ಹಾಕಿದರು. ಇಷ್ಟು ನಿಖರವಾಗಿ ತಾವೂ ಬರೆದಿಲ್ಲವಂತೆ.

2025ರ ಜನವರಿಯಲ್ಲಿ ನೆರೂಳಿನ ಡಿ.ವೈ. ಪಾಟೀಲ್ ಕ್ರೀಡಾಂಗಣಕ್ಕೆ ಕೋಲ್ಡ್‌ಪ್ಲೇ ಬಂದಾಗ, ಜನರಿಗೆ ಒಳ್ಳೆಯ ಸಂಗೀತ ತೋರಿಸಲೆಂದು ಒಂದು ಚೀಲ ಪ್ರತಿ ಹೊತ್ತು ಥಾಣೆಯಲ್ಲಿ ಗಾಡಿ ಬದಲಿಸಿ ಹೋದರು. ಒಂದು ತಂಡ ನಾಲ್ಕು ಪ್ರತಿ ಕೊಂಡಿತು. ಕೂರಲು ಹಾಸಿಕೊಳ್ಳುವುದಕ್ಕೆ.

ಹಿಂಬದಿಯ ಪುಟ ನಮ್ಮ ಸಂಘಗಳ ಪತ್ರಿಕೆಗಳ ಹಾಗೆಯೇ ಶ್ರದ್ಧಾಂಜಲಿಗೆ ಮೀಸಲು. ಆದರೆ ಇಲ್ಲಿ ತೀರಿಕೊಂಡವರಲ್ಲಿ ಜಾಗಗಳೇ ಹೆಚ್ಚು. 1986ರಿಂದ ಐ-ರಾಕ್ ಸಂಗೀತೋತ್ಸವ ಮೊಳಗಿದ ಧೋಬಿ ತಲಾವಿನ ರಂಗಭವನ ಶಾಂತವಲಯದ ನಿಯಮಕ್ಕೆ ಸಿಕ್ಕಿ ಸುಮ್ಮನಾಯಿತು. ಕಾಲಾ ಘೋಡಾದ ಸಂಗೀತದ ಅಂಗಡಿ ರಿದಂ ಹೌಸ್ 2016ರಲ್ಲಿ ಬಾಗಿಲು ಹಾಕಿತು. 1993ರಲ್ಲಿ ಅಲಹಾಬಾದಿನಂಥ ಊರಿನಲ್ಲಿ ಕೂತು ‘ರಾಕ್ ಸ್ಟ್ರೀಟ್ ಜರ್ನಲ್’ ಹೊರಡಿಸಿದ ಅಮಿತ್ ಸೈಗಲ್ 2012ರಲ್ಲಿ ಹೋದರು. ಆ ಪುಟದಲ್ಲಿ ಸಂಪಾದಕರು ಬೊಬ್ಬೆ ಹಾಕುವುದಿಲ್ಲ. ಚೆನ್ನಾಗಿ ಬರೆಯುತ್ತಾರೆ, ಹಾಳಾದವರು. ಬಯ್ಯಬೇಕೆಂದು ಹೊರಟ ನಾನು ಆ ಪುಟ ಮಡಚುವಾಗ ನಿಧಾನವಾಗುತ್ತೇನೆ, “ಓದುವುದು ಆಮೇಲೆ, ಉಜ್ಜಿ” ಎಂದು ಬಯ್ಯಿಸಿಕೊಳ್ಳುತ್ತೇನೆ.

ಬೆಲೆ 20 ರೂಪಾಯಿ; ಜೆರಾಕ್ಸಿನ ಖರ್ಚು ಗಿಟ್ಟಿದರೆ ಪುಣ್ಯ. ಕೊಂಡು ಓದಿ. ನಿಮಗೂ ಕಾಫಿಗೆ ಫೋನು ಬಂದರೆ, ಚಮಚ ಮನೆಯಿಂದಲೇ ತೆಗೆದುಕೊಂಡು ಹೋಗಿ.