ಕೌಟು ಹಿಡಿದ ಮುನ್ನೋಟ

ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ಬರ ಕಂಡಿದೆ, ನುಸಿ ಪೀಡೆ ಕಂಡಿದೆ, ಬಿಳಿ ನೊಣವನ್ನೂ ಕಂಡಿದೆ. ಭವಿಷ್ಯಕ್ಕೆ ಮಾತ್ರ ಇಲ್ಲಿ ಯಾವತ್ತೂ ಬರ ಬಂದಿಲ್ಲ. ಪ್ರತಿ ಚುನಾವಣೆಗೂ ಹೊಸ ನಾಯಕರೊಬ್ಬರು ಅದನ್ನು ಲೋಡುಗಟ್ಟಲೆ ತಂದು ಸುರಿದು ಹೋಗುತ್ತಾರೆ. ನುಣುಪು ಹಾಳೆಯ ಪುಸ್ತಿಕೆ, ಮುಖಪುಟದಲ್ಲಿ ಕೈಮುಗಿದ ನಾಯಕರು, ಅವರ ಹಿಂದೊಂದು ಫಲಭರಿತ ತೆಂಗಿನ ಮರ. ಮರ ನೋಡಿದ ಕೂಡಲೇ ಗೊತ್ತಾಗುತ್ತದೆ, ಅದು ನಮ್ಮ ಕಡೆಯದಲ್ಲ. ಪಕ್ಕದಲ್ಲಿ ಒಂಚೂರು ಸಮುದ್ರವೂ ಕಾಣುತ್ತಿರುತ್ತದೆ.

ಇದು ಕಲ್ಪತರು ನಾಡು. ಪುರಾಣದ ಕಲ್ಪವೃಕ್ಷದ ಕೆಳಗೆ ನಿಂತು ಕೇಳಿದ್ದೆಲ್ಲ ಸಿಗುತ್ತಿತ್ತಂತೆ. ಈಗಲೂ ಸಿಗುತ್ತದೆ. ಕೇಳುವವರು ನಾಯಕರು, ಕೊಡುವವರು ನಾವು ಅನ್ನುವುದಷ್ಟೇ ವ್ಯತ್ಯಾಸ.

ಕೊಡುವುದರಲ್ಲಿ ನಾವು ಕೈ ಬಿಗಿ ಹಿಡಿದವರಲ್ಲ. 2019ರಲ್ಲಿ ಹಾಸನದಿಂದ ಬಂದ ಎಚ್.ಡಿ. ದೇವೇಗೌಡರ ಮುಂದೆ ತುಮಕೂರು ಕ್ಷೇತ್ರ ಹೇಮಾವತಿ ನೀರಿನ ಹಳೇ ಲೆಕ್ಕ ತೆಗೆದು, 13,339 ಮತಗಳಿಂದ ಸೋಲಿಸಿ ಕಳಿಸಿತು, ನಿಜ. ಅದೊಂದು ಅಪವಾದ. 2024ರಲ್ಲಿ ವಿ. ಸೋಮಣ್ಣನವರು ಬಂದರು. ಹಿಂದಿನ ವರ್ಷವಷ್ಟೇ ವರುಣಾ, ಚಾಮರಾಜನಗರ ಎರಡೂ ಕಡೆ ಸೋತಿದ್ದವರು. ಹೊರಗಿನವರು ಎಂದು ಅವರ ಪಕ್ಷದೊಳಗೇ ಗೊಣಗಾಟ ಎದ್ದಿತ್ತು. ಕ್ಷೇತ್ರ 1.75 ಲಕ್ಷದ ಅಂತರ ಕೊಟ್ಟು ಕಳಿಸಿತು. ದೆಹಲಿಯಲ್ಲಿ ಅವರಿಗೆ ಸಿಕ್ಕಿದ್ದು ರೈಲ್ವೆ ಮತ್ತು ಜಲಶಕ್ತಿ ಖಾತೆಗಳ ರಾಜ್ಯ ಸಚಿವ ಸ್ಥಾನ. ನಾವು ತಲೆಮಾರಿನಿಂದ ಕೇಳುತ್ತಿರುವುದೂ ಎರಡೇ: ರೈಲು ಮತ್ತು ನೀರು. ಇಷ್ಟು ಚೆನ್ನಾಗಿ ಜಾತಕ ಕೂಡಿಬಂದ ಸಂಬಂಧ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ರೈಲಿನ ಕೆಲಸ ನಡೆದಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ತುಮಕೂರು–ದಾವಣಗೆರೆ ಮಾರ್ಗ ಸಿರಾ, ಹಿರಿಯೂರು ಮೇಲೆ ಹೋಗುತ್ತದೆ. ತುಮಕೂರು–ರಾಯದುರ್ಗ ಮಾರ್ಗ ಮಧುಗಿರಿ, ಪಾವಗಡದ ಕಡೆ. ನಕ್ಷೆ ಹರವಿಕೊಂಡು ನೋಡಿದರೆ, ಎರಡೂ ಸೇರಿ ಚಿಕ್ಕನಾಯಕನಹಳ್ಳಿ ಮತ್ತು ತುರುವೇಕೆರೆಯನ್ನು ಎಷ್ಟು ಜೋಪಾನವಾಗಿ ತಪ್ಪಿಸಿವೆ ಎಂದು ಮೆಚ್ಚಲೇಬೇಕು. ತಿಪಟೂರಿಗೆ ಹಳಿ ಹಳೆಯದು. ಬೆಂಗಳೂರು–ಧಾರವಾಡ ವಂದೇ ಭಾರತ್ 2024ರ ಆಗಸ್ಟ್‌ನಿಂದ ತುಮಕೂರಲ್ಲಿ ನಿಲ್ಲುತ್ತಿದೆ. ತಿಪಟೂರಲ್ಲಿ ಅದು ಓಡುವುದನ್ನು ನೋಡಬಹುದು, ಟಿಕೆಟ್ ಬೇಕಿಲ್ಲ. ಅತ್ತ ರಾಜ್ಯ ಸರ್ಕಾರ ಬೆಂಗಳೂರಿನ ಮೆಟ್ರೊವನ್ನು ತುಮಕೂರಿನ ತನಕ ಎಳೆಯುವ ಲೆಕ್ಕದಲ್ಲಿದೆ. ತುಮಕೂರಿನಿಂದ ಆಚೆಗೆ ಕೆಂಪು ಬಸ್ಸಿದೆ, ಬಂದರೆ.

ನೀರಿನ ವಿಷಯ ಸ್ವಲ್ಪ ಪವಿತ್ರವಾದದ್ದು. ಹೇಮಾವತಿ, ಭದ್ರಾ ಮೇಲ್ದಂಡೆ, ಎತ್ತಿನಹೊಳೆ ಮೂರೂ ನಮ್ಮ ಕಡೆಯ ವೇದಿಕೆಗಳ ಮೇಲೆ ಸಂಗಮವಾಗುತ್ತವೆ. ಪ್ರಯಾಗದಲ್ಲಿ ಗುಪ್ತಗಾಮಿನಿ ಒಂದೇ ನದಿ, ನಮ್ಮಲ್ಲಿ ಎರಡೂವರೆ. ಉಳಿದರ್ಧ ಹೇಮಾವತಿ, ನಾಲೆಯಲ್ಲಿ ಆಗೀಗ ದರ್ಶನ ಕೊಡುತ್ತಾಳೆ. ಅವಳನ್ನೂ ಪೈಪಿನೊಳಗೆ ಕೂರಿಸಿ ಎಕ್ಸ್‌ಪ್ರೆಸ್ ಕೆನಾಲ್ ಹೆಸರಲ್ಲಿ ಕುಣಿಗಲ್, ಮಾಗಡಿ ಕಡೆಗೆ ಕರೆದೊಯ್ಯುವ ಯೋಜನೆ ಬಂದಾಗ, 2025ರ ಮೇ ಕೊನೆಯಲ್ಲಿ ಗುಬ್ಬಿ ತಾಲ್ಲೂಕಿನ ಸುಂಕಾಪುರದಲ್ಲಿ ರೈತರು ಪೈಪಿಗೆ ತೋಡಿದ್ದ ಗುಂಡಿ ಮುಚ್ಚಲು ನುಗ್ಗಿದರು. ಎತ್ತಿನಹೊಳೆಯ ಕಥೆ ಇನ್ನೂ ಸೊಗಸು. 2012ರಲ್ಲಿ 8,323 ಕೋಟಿ ಇದ್ದ ಅಂದಾಜು 23,251 ಕೋಟಿಗೆ ಹೋಯಿತು. ನೀರು ಮೇಲೆತ್ತಲು ಪಂಪ್ ಬೇಕು, ಅಂದಾಜು ಯಾವ ಪಂಪಿನ ಹಂಗೂ ಇಲ್ಲದೆ ಏರಿತು. 2024ರ ಗೌರಿ ಹಬ್ಬದ ದಿನ ಸಕಲೇಶಪುರದ ಕಡೆ ಮೊದಲ ಹಂತಕ್ಕೆ ಬಾಗಿನವೂ ಆಯಿತು. ನಮ್ಮಲ್ಲಿಗೆ ಸದ್ಯಕ್ಕೆ ಬಂದಿರುವುದು ನಾಲೆ ತೋಡಿದ ಗುಂಡಿ ಮತ್ತು ಭೂಪರಿಹಾರದ ಕಡತ.

ಇಷ್ಟರ ನಡುವೆ ಕೊಬ್ಬರಿ. ಮುನ್ನೋಟದ ಪುಸ್ತಿಕೆಗಳಲ್ಲಿ ಇದಕ್ಕೆ ‘ಮೌಲ್ಯವರ್ಧನೆ’ ಎಂಬ ಒಂದು ಪುಟ ಮೀಸಲು. ಬರೆದವರು ಅಟ್ಟ ಹತ್ತಿದವರಲ್ಲ. ಹೊಂಬಾಳೆ ಒಡೆದು ಕಾಯಿ ಬಲಿಯಲು ಒಂದು ವರ್ಷ. ಬಲಿತದ್ದನ್ನು ಕಿತ್ತು ಅಟ್ಟಕ್ಕೆ ಹಾಕಿದರೆ, ಒಳಗಿನ ನೀರು ಇಂಗಿ ತಿರುಳು ಚಿಪ್ಪು ಬಿಡಲು ಇನ್ನೊಂದು ವರ್ಷದ ಹತ್ತಿರ. ಕಿವಿ ಹತ್ತಿರ ಅಲ್ಲಾಡಿಸಿದರೆ ಒಳಗೆ ಲೊಟಲೊಟ ಅನ್ನಬೇಕು. ಆಮೇಲೆ ಹೆಣ್ಣುಮಕ್ಕಳು ಮಚ್ಚಿನಲ್ಲಿ ಚಿಪ್ಪಿಗೆ ನಾಲ್ಕೇಟು ಹಾಕಿ, ಒಳಗಿನ ಉಂಡೆಗೆ ಒಂದು ಗೀರೂ ಬೀಳದಂತೆ ಬಿಡಿಸುತ್ತಾರೆ. ಚೂರಾದರೆ ರೇಟು ಬಿತ್ತು, ತೇವ ಉಳಿದರೆ ಕೌಟು ಹಿಡಿಯಿತು. ಹೀಗೆ ಮಚ್ಚಾಡಿಸುತ್ತ ಕೂತ ಒಬ್ಬ ಅಜ್ಜಿಯ ಬಾಯಲ್ಲಿ ರಾಜ್ಯಶಾಸ್ತ್ರ ಕೇಳಬೇಕು: “ಕೊಬ್ರಿ ಎರಡೊರ್ಷಕ್ಕಾದ್ರೂ ಆಯ್ತದೆ ಕಣಪ್ಪ. ಅವ್ರು ಬರೋದೇ ಐದೊರ್ಷಕ್ಕೆ.”

2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಎಂಟು ಸಾವಿರದ ಆಸುಪಾಸಿಗೆ ಕುಸಿದಿತ್ತು. ರಾಜ್ಯದವರು ದೆಹಲಿಯ ಕಡೆ ಬೆರಳು ತೋರಿಸಿದರು, ದೆಹಲಿಯವರು ರಾಜ್ಯದ ಕಡೆ. ತಿಪಟೂರಿಗೆ ಕಾಂಗ್ರೆಸ್ ಶಾಸಕರು, ಪಕ್ಕದ ಎರಡಕ್ಕೂ ಜೆಡಿಎಸ್, ಸಂಸತ್ತಿಗೆ ಬಿಜೆಪಿ. ಹೀಗಾಗಿ ಬೆರಳುಗಳಿಗೆ ಕೊರತೆಯಾಗಲಿಲ್ಲ. 2024ರ ಆರಂಭದಲ್ಲಿ 12,000ದ ಬೆಂಬಲ ಬೆಲೆಗೆ ನಾಫೆಡ್ ಖರೀದಿ, ರಾಜ್ಯದಿಂದ 1,500 ಪ್ರೋತ್ಸಾಹಧನ ಎಂದಾಯಿತು. ರೈತರು ರಾತ್ರಿಯಿಡೀ ಸರದಿ ನಿಂತು ಹೆಸರು ಬರೆಸಿದರು. ಅಕ್ರಮ ನಡೆದಿದೆ ಎಂದು ಅಷ್ಟೂ ನೋಂದಣಿ ರದ್ದಾಯಿತು. ಹೆಬ್ಬೆಟ್ಟು ಒತ್ತಲು ಮತ್ತೆ ಸರದಿ. ಅಟ್ಟದ ಮೇಲಿಂದ ಬಿದ್ದವನಿಗೆ ದಡಿಗೆ ತಗೊಂಡು ಹೇರಿದರು ಅನ್ನುವ ಗಾದೆ ಹುಟ್ಟಿದ್ದು ನಮ್ಮ ತಾಲ್ಲೂಕುಗಳಲ್ಲೇ ಇರಬೇಕು.

ಒಂದೇ ವರ್ಷ ಕಳೆಯಿತು, 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಆಗ ಬೆರಳುಗಳೆಲ್ಲ ಮಡಚಿಕೊಂಡು ತಂತಮ್ಮ ಎದೆಯನ್ನೇ ತಟ್ಟಿಕೊಂಡವು. ಏರಿದ್ದು ಏಕೆ? ಬಿಸಿಲು, ಬಿಳಿ ನೊಣ, ಕಪ್ಪು ತಲೆ ಹುಳು ಸೇರಿ ಇಳುವರಿಯನ್ನು ನೆಲ ಕಚ್ಚಿಸಿದ್ದವು. ಮಾರುಕಟ್ಟೆಯಲ್ಲಿ ಬೆಲೆ ಇತ್ತು, ಅಟ್ಟದಲ್ಲಿ ಕಾಯಿ ಇರಲಿಲ್ಲ. ಕೀರ್ತಿ ನ್ಯಾಯವಾಗಿ ಹುಳುವಿಗೆ ಸಲ್ಲಬೇಕಿತ್ತು. ಹುಳುವಿಗೆ ಫ್ಲೆಕ್ಸ್ ಹಾಕಿಸುವ ಅಭ್ಯಾಸವಿಲ್ಲ.

ನನ್ನ ಗುಮಾನಿ ಇಷ್ಟೇ. ನಮ್ಮ ‘ತಿಪಟೂರು ಟಾಲ್’ ತಳಿಯ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು, ನಾಯಕರ ಅವಧಿ ಐದು. ಪ್ರಮಾಣವಚನದ ದಿನ ನೆಟ್ಟ ಸಸಿಯ ಎಳನೀರನ್ನು ಕುಡಿಯುವವರು ಮುಂದಿನವರು, ಬಹುಶಃ ಎದುರು ಪಕ್ಷದವರು. ಇಂಥ ದ್ರೋಹಿ ಮರವನ್ನು ಯಾವ ನಾಯಕರು ತಾನೇ ನೆಚ್ಚಿಯಾರು? ಟೇಪು ಕತ್ತರಿಸುವಂಥದ್ದು ಏನಾದರೂ ಇದ್ದರೆ ಹೇಳಿ ಅನ್ನುತ್ತಾರೆ.

ಹೇಳಲು ಇದೆ. ಪಕ್ಕದ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನು ಪ್ರಧಾನಿಗಳು 2023ರ ಫೆಬ್ರವರಿಯಲ್ಲಿ ಉದ್ಘಾಟಿಸಿದ್ದಾರೆ. ಹಾರುವುದಕ್ಕೆ ಟೇಪು ಕತ್ತರಿಸಿಯಾಯಿತು, ಇತ್ತ ನಮ್ಮ ತೋಟಗಳಲ್ಲಿ ಮರ ಹತ್ತುವವರೇ ಇಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯುವಕರಿಗೆ ಮರ ಹತ್ತುವ ತರಬೇತಿ ಕೊಟ್ಟಿತು. ನಮ್ಮ ಹುಡುಗರೇನೋ ಹತ್ತುತ್ತಿದ್ದಾರೆ, ಬೆಂಗಳೂರಲ್ಲಿ, ಊಟದ ಪೊಟ್ಟಣ ಹಿಡಿದು, ಲಿಫ್ಟ್ ಕೆಟ್ಟ ನಾಲ್ಕನೇ ಮಹಡಿಗೆ.

ಆದ್ದರಿಂದ ಮುಂದಿನ ನಾಯಕರಲ್ಲಿ ಒಂದು ಅರಿಕೆ. ಮುನ್ನೋಟದ ಪುಸ್ತಿಕೆ ಇದ್ದೇ ಇರುತ್ತದೆ, ತನ್ನಿ. ಬರುವಾಗ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬ ಕಾಯಿ ಕೀಳುವವನನ್ನೂ ಕೂರಿಸಿಕೊಂಡು ಬನ್ನಿ. ಮರಕ್ಕಿಷ್ಟು ಅಂತ ಕೂಲಿ ನಾವೇ ಕೊಡುತ್ತೇವೆ, ಮುದ್ದೆ, ಅವರೆಕಾಳು ಸಾರೂ ನಮ್ಮದೇ. ಅವನು ಕಿತ್ತು ಮುಗಿಸುವವರೆಗೆ ನೀವು ಎಷ್ಟು ಹೊತ್ತು ಬೇಕಾದರೂ ಮಾತಾಡಿ. ಮರದ ಬುಡದಲ್ಲಿ ಮಾತ್ರ ನಿಲ್ಲಬೇಡಿ.