ಸನ್ನಿವೇಲ್ ಪಂಚಾಂಗ

ಸಾಫ್ಟ್‌ವೇರ್ ಹುಡುಗನಿಗೆ ಹೆಣ್ಣು ಕೊಡುವಾಗ ಹಿರಿಯರು ಸಂಬಳ ಎಷ್ಟು, ವೀಸಾ ಯಾವುದು, ಕುಡಿಯುತ್ತಾನಾ ಎಂದೆಲ್ಲ ವಿಚಾರಿಸುತ್ತಾರೆ. ಸೈಡ್ ಪ್ರಾಜೆಕ್ಟ್ ಎಷ್ಟಿವೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಕೇಳಿದ್ದರೆ ನನಗೆ ಮೊದಲೇ ತಿಳಿಯುತ್ತಿತ್ತು, ಇವರು ಹಗಲೆಲ್ಲ ಕಂಪ್ಯೂಟರಿನ ಮುಂದೆ ದುಡಿದು ದಣಿದು, ಆ ದಣಿವಾರಿಸಿಕೊಳ್ಳಲು ರಾತ್ರಿ ಇನ್ನೊಂದು ಕಂಪ್ಯೂಟರಿನ ಮುಂದೆ ಕೂರುವ ಜಾತಿ ಎಂದು.

ನಮ್ಮವರಿಗೆ ಏನಾದರೂ ಹೊಳೆದರೆ ಮೊದಲು ಮಾಡುವ ಕೆಲಸ ಅದಕ್ಕೊಂದು ಡೊಮೇನ್ ಹೆಸರು ಕೊಳ್ಳುವುದು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಇವರು ಕುಲಾವಿಗೆ ವರ್ಷವರ್ಷ ಬಾಡಿಗೆಯನ್ನೂ ಕಟ್ಟುತ್ತಾರೆ. ನಾನು ಲೆಕ್ಕಪತ್ರ ನೋಡುವ ಕೆಲಸದವಳು. ಕ್ರೆಡಿಟ್ ಕಾರ್ಡಿನ ಬಿಲ್ಲು ಓದುವಾಗ ಹುಟ್ಟದೇ ಹೋದ ಕೂಸುಗಳ ಹೆಸರುಗಳೆಲ್ಲ ಸಾಲಾಗಿ ಕಣ್ಣಿಗೆ ಬೀಳುತ್ತವೆ.

ಕೇಳಿದರೆ ಲಿನಸ್ ಟೊರ್ವಾಲ್ಡ್ಸ್ ಹೆಸರು ಬರುತ್ತದೆ. 1991ರಲ್ಲಿ ಹೆಲ್ಸಿಂಕಿಯ ಆ ವಿದ್ಯಾರ್ಥಿ ‘ಇದು ಬರೀ ಹವ್ಯಾಸ’ ಎಂದುಕೊಂಡೇ ಲಿನಕ್ಸ್ ಶುರುಮಾಡಿದ, ಈಗ ನಿನ್ನ ಆಂಡ್ರಾಯ್ಡ್ ಫೋನಿನ ಹೊಟ್ಟೆಯಲ್ಲಿರುವುದೂ ಅದೇ, ಎನ್ನುತ್ತಾರೆ. ‘ಆಗ ಅವನಿಗೆ 21 ವರ್ಷ. ಮನೆ ಸಾಲ ಇರಲಿಲ್ಲ, ಮಗಳನ್ನು ಸಂಗೀತದ ಕ್ಲಾಸಿಗೆ ಬಿಡಬೇಕಾಗಿರಲಿಲ್ಲ’ ಎಂದೆ. ತಕ್ಷಣ ಕನ್ನಡಾಭಿಮಾನದ ಅಸ್ತ್ರ ಹೊರಬಂತು. ‘ಶೇಷಾದ್ರಿವಾಸು ಅವರು 1998ರಲ್ಲಿ ಬರಹ ತಂತ್ರಾಂಶ ಮಾಡದೇ ಹೋಗಿದ್ದರೆ ಕನ್ನಡ ಕೂಟದ ಸಂಚಿಕೆಗೆ ನಿನ್ನ ಲೇಖನ ಹೇಗೆ ಟೈಪ್ ಆಗ್ತಿತ್ತು?’ ಆ ಲೇಖನವನ್ನು ಇವರು ಇವತ್ತಿಗೂ ಓದಿಲ್ಲ ಎಂಬುದು ಬೇರೆ ಮಾತು.

ಚಳಿಗಾಲದಲ್ಲಿ ಇಡ್ಲಿ ಹಿಟ್ಟು ಉಬ್ಬುತ್ತಿಲ್ಲ ಎಂದು ಒಮ್ಮೆ ಇವರ ಎದುರು ಬಾಯಿಬಿಟ್ಟೆ. ವಾರದೊಳಗೆ ಅಡುಗೆಮನೆಗೆ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರು ಬಂತು. ಅದಕ್ಕೆ ಶಾಖ ಅಳೆಯುವ ಸೆನ್ಸರು, ಹಿಟ್ಟು ಎಷ್ಟು ಏರಿತೆಂದು ನೋಡಲು ಕ್ಯಾಮೆರಾ. ಲ್ಯೂಕೋನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ ಗಾಳಿ ಬಿಡುವುದರಿಂದಲೇ ಹಿಟ್ಟು ಉಬ್ಬುವುದು ಎಂದು ನನಗೆ ಪಾಠವೂ ಆಯಿತು. ಗ್ರಾಫು ತುಂಬ ಚೆನ್ನಾಗಿ ಬಂತು. ಇಡ್ಲಿ ಬರಲಿಲ್ಲ. ಓವನ್ನಿನ ದೀಪ ಹಾಕಿ ಪಾತ್ರೆ ಒಳಗಿಟ್ಟರೆ ಬೆಳಗಾಗುವಷ್ಟರಲ್ಲಿ ಹಿಟ್ಟು ಉಕ್ಕಿರುತ್ತದೆಂದು ಇಲ್ಲಿನ ಹೆಂಗಸರಿಗೆಲ್ಲ ಗೊತ್ತು. ಆದರೆ ಅದಕ್ಕೆ ಡೊಮೇನ್ ಹೆಸರು ಬೇಕಾಗುವುದಿಲ್ಲವಲ್ಲ, ಅದೇ ತೊಂದರೆ.

ಇನ್ನು ಅಭಿಪ್ರಾಯಗಳು. ಕೋಡಿನ ಸಾಲನ್ನು ಒಳಕ್ಕೆ ಸರಿಸಲು ಟ್ಯಾಬ್ ಒತ್ತಬೇಕೋ, ಸ್ಪೇಸ್ ನಾಲ್ಕು ಸಲ ಒತ್ತಬೇಕೋ ಎಂಬ ವಿಷಯಕ್ಕೆ ಇವರು ಆಪ್ತ ಸ್ನೇಹಿತರೊಬ್ಬರ ಜೊತೆ ಮಾತು ಬಿಟ್ಟಿದ್ದರು. ಕೋಡು ಬರೆಯಲು ವಿಐ ಮೇಲೋ ಇಮ್ಯಾಕ್ಸ್ ಮೇಲೋ ಎಂಬುದು ಇನ್ನೊಂದು. ಎರಡೂ ಹುಟ್ಟಿದ್ದು 1976ರಲ್ಲಂತೆ. ಅಂದರೆ ಜಗಳಕ್ಕೆ ಜಗಳವಾಡುವವರಿಗಿಂತ ಹೆಚ್ಚು ವಯಸ್ಸು. ತ್ರಿಮತಸ್ಥರು ಒಂದೇ ಪಂಕ್ತಿಯಲ್ಲಿ ಊಟ ಮಾಡಿದ್ದನ್ನು ನೋಡಿದ್ದೇನೆ. ಈ ಎರಡು ಮತದವರು ಒಂದೇ ಮೇಜಿನಲ್ಲಿ ಸಮಾಧಾನವಾಗಿ ಕಾಫಿ ಕುಡಿದದ್ದನ್ನು ನೋಡಿಲ್ಲ.

ಕ್ಯಾಲಿಫೋರ್ನಿಯಾದ ಸನ್ನಿವೇಲಿನಲ್ಲಿರುವ ಇಂಥ ಮನೆಗೆ ಮೈಸೂರಿನಿಂದ ಅತ್ತೆ ಬಂದರು. ಒಂದು ಪೆಟ್ಟಿಗೆಯಲ್ಲಿ ಹುಳಿಪುಡಿ, ಚಟ್ನಿಪುಡಿ, ಹಪ್ಪಳ. ಇನ್ನೊಂದರಲ್ಲಿ ಸೀರೆಗಳ ನಡುವೆ ಒಂಟಿಕೊಪ್ಪಲು ಪಂಚಾಂಗ, ಜೊತೆಗೆ ಸುರುಳಿ ಸುತ್ತಿದ ಬೆಂಗಳೂರು ಪ್ರೆಸ್ ಕ್ಯಾಲೆಂಡರು. ಕ್ಯಾಲೆಂಡರು ಫ್ರಿಜ್ಜಿನ ಬಾಗಿಲು ಹತ್ತಿತು. ಮಾರನೆಯ ಬೆಳಿಗ್ಗೆ ಅದರ ಮುಂದೆ ನಿಂತು ಅತ್ತೆ ಕೇಳಿದರು:

‘ಏಕಾದಶಿ ಬುಧವಾರ ಅಂತಿದೆ ಕಣೋ. ನಮ್ಮ ಬುಧವಾರವೋ, ನಿಮ್ಮ ಬುಧವಾರವೋ?’

ಇವರ ಕಣ್ಣು ಹೊಳೆದದ್ದನ್ನು ನಾನು ನೋಡಿದೆ. ಕಾಫಿ ಆರುವಷ್ಟರಲ್ಲಿ ಡೊಮೇನ್ ಖರೀದಿ ಆಗಿತ್ತು.

ಪ್ರಶ್ನೆ ಸಣ್ಣದಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಚಂದ್ರ ಸೂರ್ಯನಿಂದ ಹನ್ನೆರಡು ಡಿಗ್ರಿ ದೂರ ಸರಿದರೆ ಒಂದು ತಿಥಿ. ಚಂದ್ರ ಒಂದೇ ವೇಗದಲ್ಲಿ ಓಡುವವನಲ್ಲವಾದ್ದರಿಂದ ಒಂದು ತಿಥಿ ಇಪ್ಪತ್ತು ಗಂಟೆಗೇ ಮುಗಿದೀತು, ಇನ್ನೊಂದು ಇಪ್ಪತ್ತಾರು ಗಂಟೆ ಎಳೆದೀತು. ತಿಥಿ ಶುರುವಾಗುವ ಕ್ಷಣ ಭೂಮಿಗೆಲ್ಲ ಒಂದೇ. ಆದರೆ ದಿನಕ್ಕೆ ಯಾವ ತಿಥಿ ಎಂದು ಹೇಳುವುದು ಸೂರ್ಯೋದಯ ನೋಡಿ, ಸೂರ್ಯೋದಯವೋ ಊರಿಗೊಂದು. ಮೈಸೂರಿನಲ್ಲಿ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಏಕಾದಶಿ ಶುರುವಾದರೆ ಅಲ್ಲಿನವರಿಗೆ ಬುಧವಾರದ ಸೂರ್ಯೋದಯಕ್ಕೆ ಅದು ಸಿಗುತ್ತದೆ. ಅದೇ ಕ್ಷಣ ನಮ್ಮ ಸನ್ನಿವೇಲಿನಲ್ಲಿ, ಬೇಸಿಗೆಯಾದರೆ, ಸೋಮವಾರ ರಾತ್ರಿ ಒಂಬತ್ತೂವರೆ. ಹಾಗಾಗಿ ನಮಗೆ ಮಂಗಳವಾರವೇ ಉಪವಾಸ. ಫ್ರಿಜ್ಜಿನ ಮೇಲಿನ ಕ್ಯಾಲೆಂಡರು ನಂಬಿದರೆ ದ್ವಾದಶಿಯ ದಿನ ಹಸಿದು ಕೂರಬೇಕು.

ಇದನ್ನು ಲೆಕ್ಕ ಹಾಕುವ ಏರ್ಪಾಡು ಕೇಳಿ ಅತ್ತೆಯ ಬಾಯಿ ಕಟ್ಟಿತು. ಇದೇ ಕ್ಯಾಲಿಫೋರ್ನಿಯಾದ ಪಾಸಡೀನಾದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿ ಇದೆ. ಅವರು ನೌಕೆಗಳಿಗೆ ದಾರಿ ತೋರಿಸಲೆಂದು ಸೂರ್ಯ ಚಂದ್ರ ಗ್ರಹಗಳ ಸ್ಥಾನ ಲೆಕ್ಕ ಹಾಕಿಡುತ್ತಾರೆ. ಸ್ವಿಟ್ಜರ್ಲೆಂಡಿನ ಜ್ಯೋತಿಷ್ಯದ ಕಂಪನಿಯೊಂದು ಅದನ್ನು ಅಡಕ ಮಾಡಿ ಸ್ವಿಸ್ ಎಫೆಮೆರಿಸ್ ಎಂಬ ಹೆಸರಿನಲ್ಲಿ ಹಂಚುತ್ತದೆ. ಅದನ್ನು ನಮ್ಮವರು ಊಟದ ಮೇಜಿನ ಮೇಲೆ ಇಳಿಸಿಕೊಂಡು, ಪಂಚಾಂಗದ ಆ್ಯಪ್ ಒಂದನ್ನು ಕಟ್ಟಿ, ತಮ್ಮಮ್ಮ ಇವತ್ತು ಅನ್ನ ಊಟ ಮಾಡಬಹುದೋ ಅವಲಕ್ಕಿಯೋ ಎಂದು ತೀರ್ಮಾನ ಕೊಡುತ್ತಾರೆ.

‘ನಾಸಾದವರೂ ಏಕಾದಶಿ ಮಾಡ್ತಾರೇನೋ?’ ಎಂದರು ಅತ್ತೆ.

ಆಮೇಲೆ ಅವರ ಬಾಯಿ ಕಟ್ಟಲಿಲ್ಲ. ಇವರ ಕಚೇರಿಯಲ್ಲಿ ತಪ್ಪು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವವರು ಇದ್ದಾರೆ. ಅವರಲ್ಲಿ ಯಾರೂ ಅತ್ತೆಯಷ್ಟು ಹುಡುಕಲಾರರು. ಅಮೆರಿಕದಲ್ಲಿ ನವೆಂಬರಿನ ಮೊದಲ ಭಾನುವಾರ ರಾತ್ರಿ ಎರಡು ಗಂಟೆಗೆ ಗಡಿಯಾರವನ್ನು ಒಂದಕ್ಕೆ ತಿರುಗಿಸುತ್ತಾರೆ, ಮಾರ್ಚಿನ ಎರಡನೇ ಭಾನುವಾರ ಎರಡಾದ ಕೂಡಲೇ ಮೂರು ಮಾಡುತ್ತಾರೆ ಎಂದು ಇವರು ವಿವರಿಸಿದರು. ಅತ್ತೆ ಹುರುಳೀಕಾಯಿ ಸೋಸುತ್ತ ಕೇಳಿಸಿಕೊಂಡರು.

‘ಹಾಗಾದರೆ ನವೆಂಬರಿನಲ್ಲಿ ರಾತ್ರಿ ಒಂದೂವರೆ ಎರಡು ಸಲ ಬರತ್ತೆ. ಅವಳಿಜವಳಿ ಮಕ್ಕಳು ಒಂದು ಮೊದಲನೇ ಒಂದೂವರೆಗೆ, ಇನ್ನೊಂದು ಎರಡನೇ ಒಂದೂ ಕಾಲಿಗೆ ಹುಟ್ಟಿದರೆ ದೊಡ್ಡದು ಯಾವುದೋ?’

ಇವರು ಲ್ಯಾಪ್‌ಟಾಪ್ ಮುಚ್ಚಿ ಎದ್ದುಹೋದರು. ಜಗತ್ತಿನ ಎಲ್ಲ ಗಡಿಯಾರಗಳ ಇಂಥ ಗೋಜಲುಗಳನ್ನು ಬರೆದಿಡುವ ದಾಖಲೆಯೊಂದಿದೆಯಂತೆ. 1980ರ ದಶಕದಲ್ಲಿ ಆರ್ಥರ್ ಡೇವಿಡ್ ಓಲ್ಸನ್ ಎಂಬವರು ಶುರುಮಾಡಿದ್ದು, ಈಗಲೂ ಸ್ವಯಂಸೇವಕರು ನೋಡಿಕೊಳ್ಳುವುದು; ಎಲ್ಲರ ಫೋನಿನ ಸಮಯ ಸರಿಯಿರುವುದು ಅವರ ಕೃಪೆ. ಅವರಿಗೂ ಒಬ್ಬೊಬ್ಬ ಅತ್ತೆ ಇದ್ದಿರಬೇಕು ಎಂದು ನನ್ನ ಊಹೆ.

ರಾಹುಕಾಲದ್ದು ಇನ್ನೂ ಸ್ವಾರಸ್ಯ. ಊರಿನಲ್ಲಿ ಅದು ಬಾಯಿಪಾಠ: ಸೋಮವಾರ ಏಳೂವರೆಯಿಂದ ಒಂಬತ್ತು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಹಗಲನ್ನು ಎಂಟು ಪಾಲು ಮಾಡಿದರೆ ಅದರಲ್ಲೊಂದು ಪಾಲು ರಾಹುವಿನದು. ಹಗಲು ಹನ್ನೆರಡು ಗಂಟೆಯಾದರೆ ಪಾಲು ಒಂದೂವರೆ ಗಂಟೆ. ಸನ್ನಿವೇಲಿನಲ್ಲಿ ಜೂನ್ ತಿಂಗಳ ಹಗಲು ಹದಿನಾಲ್ಕೂ ಮುಕ್ಕಾಲು ಗಂಟೆಯ ಹತ್ತಿರ. ಇವರ ಆ್ಯಪ್ ತೋರಿಸಿದ ರಾಹುಕಾಲ ಸುಮಾರು ಒಂದು ಗಂಟೆ ಐವತ್ತು ನಿಮಿಷ. ಡಿಸೆಂಬರಿನಲ್ಲಿ ನೋಡಿದರೆ ಒಂದೂ ಕಾಲು ಗಂಟೆಯೂ ಇಲ್ಲ. ‘ಇಲ್ಲಿ ಬಂದವರೆಲ್ಲ ಹೀಗೇ, ರಾಹುವೂ ಓವರ್‌ಟೈಮ್ ಮಾಡ್ತಾನೆ’ ಎಂದು ಅತ್ತೆ ನಿಟ್ಟುಸಿರು ಬಿಟ್ಟರು.

ಆ್ಯಪ್ ಇವರ ಕಚೇರಿಯ ಕ್ಯಾಲೆಂಡರಿಗೂ ಜೋಡಿಕೊಂಡಿತು, ಪರೀಕ್ಷೆಗೆಂದು. ಪ್ರತಿದಿನ ಒಂದೊಂದು ಹೊತ್ತಿಗೆ ‘ರಾಹು’ ಎಂಬ ಚೌಕ ಅಲ್ಲಿ ಕಾಣಿಸತೊಡಗಿತು. ಒಂದು ವಾರ ಸುಮ್ಮನಿದ್ದ ಅಮೆರಿಕನ್ ಮ್ಯಾನೇಜರು ಕೊನೆಗೆ ಕೇಳಿದನಂತೆ: ‘ಈ ರಾಹು ಯಾವ ಟೀಮಿನವನು? ದಿನಾ ನಿನ್ನ ಹತ್ತಿರ ಇಷ್ಟು ಹೊತ್ತು ಏನು ಮಾತಾಡ್ತಾನೆ?’ ಪಕ್ಕದಲ್ಲಿದ್ದ ತೆಲುಗು ಸಹೋದ್ಯೋಗಿ ಗಂಭೀರವಾಗಿ, ‘ಅವನು ಎಲ್ಲ ಟೀಮುಗಳಲ್ಲೂ ಇದ್ದಾನೆ’ ಎಂದರಂತೆ. ಸಂಜೆಯೇ ಆ್ಯಪಿನ ಕೊಂಡಿ ಕೇಳಿಕೊಂಡು ಅವರ ಮೆಸೇಜೂ ಬಂತು.

ಇವರು ಮೂಢನಂಬಿಕೆ ಇಲ್ಲದವರು. ತಾನು ಮಾಡುತ್ತಿರುವುದು ಖಗೋಳ ಗಣಿತ, ನಂಬುವುದು ಬಿಡುವುದು ಅಮ್ಮನಿಗೆ ಸೇರಿದ್ದು ಎಂದು ಮೊದಲೇ ಸ್ಪಷ್ಟಪಡಿಸಿದ್ದಾರೆ. ಒಂದು ಶುಕ್ರವಾರ ಆ್ಯಪಿನಲ್ಲಿ ಅಕ್ಷರ ಸಣ್ಣದಾಯಿತು, ಸ್ವಲ್ಪ ದೊಡ್ಡದು ಮಾಡಿಕೊಡು ಎಂದು ಅತ್ತೆ ಕೇಳಿದಾಗ, ‘ಇವತ್ತು ಆಗಲ್ಲಮ್ಮ, ಶುಕ್ರವಾರ ಏನೂ ಬದಲಾಯಿಸಬಾರದು’ ಎಂದರು.

‘ಯಾಕೋ?’

‘ಕೆಟ್ಟರೆ ಶನಿವಾರ ಭಾನುವಾರವೆಲ್ಲ ಕೂತು ಸರಿಮಾಡಬೇಕು. ನಮ್ಮ ಆಫೀಸಿನಲ್ಲಿ ಯಾರೂ ಶುಕ್ರವಾರ ಹೊಸದನ್ನು ಹೊರಗೆ ಬಿಡಲ್ಲ.’

‘ಡಿಸೆಂಬರಿನಲ್ಲೂ ಏನೋ ಮಾಡಲ್ಲ ಅಂತಿದ್ದೆಯಲ್ಲ?’

‘ಅದು ಕೋಡ್ ಫ್ರೀಜ್. ಹಬ್ಬದ ಸೀಸನ್ನು, ಅರ್ಧ ಜನ ರಜೆ. ಹೊಸ ವರ್ಷ ಕಳೆಯೋ ತನಕ ಹೊಸದೇನೂ ಕೂಡದು.’

ಅತ್ತೆಯ ಮುಖ ಅರಳಿತು. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿಯವರೆಗೆ ಧನುರ್ಮಾಸ, ಮದುವೆ ಮುಂಜಿ ಗೃಹಪ್ರವೇಶ ಯಾವುದೂ ಇಲ್ಲ. ‘ಮಗ ಏನೋ ನಾಸ್ತಿಕರ ಕಂಪನಿ ಸೇರಿದ ಅಂದುಕೊಂಡಿದ್ದೆ. ಪರವಾಗಿಲ್ಲ, ಆಚಾರವಂತರೇ’ ಎಂದು ಮೈಸೂರಿಗೆ ಫೋನು ಮಾಡಿ ನಾದಿನಿಗೂ ತಿಳಿಸಿದರು. ಇವರು ಎರಡಕ್ಕೂ ಇರುವ ವ್ಯತ್ಯಾಸ ವಿವರಿಸಲು ಹೊರಟು, ಅರ್ಧ ದಾರಿಯಲ್ಲಿ ನಿಂತು, ತಲೆ ಕೆರೆದುಕೊಂಡರು. ನಾನು ಸಹಾಯ ಮಾಡಲಿಲ್ಲ.

ಹಾಗೆ ನೋಡಿದರೆ ಈ ಮನೆಯಲ್ಲಿ ಅತ್ತೆ ಬರುವ ಮೊದಲೇ ಒಂದು ಪಂಚಾಂಗವಿತ್ತು. ಅಮೆರಿಕದ ವಿದೇಶಾಂಗ ಇಲಾಖೆ ತಿಂಗಳಿಗೊಮ್ಮೆ ಹೊರಡಿಸುವ ವೀಸಾ ಬುಲೆಟಿನ್ ಅದು. ಗ್ರೀನ್ ಕಾರ್ಡಿನ ಸರದಿಯಲ್ಲಿ ಯಾವ ತಾರೀಖಿನವರೆಗೆ ಅರ್ಜಿ ಹಾಕಿದವರಿಗೆ ಬಾಗಿಲು ತೆರೆದಿದೆ ಎಂದು ಅದರಲ್ಲಿರುತ್ತದೆ. ಯಾವ ಒಂದು ದೇಶಕ್ಕೂ ಶೇಕಡಾ 7ಕ್ಕಿಂತ ಹೆಚ್ಚು ಪಾಲಿಲ್ಲವಾದ್ದರಿಂದ ಭಾರತದ ಸಾಲು ಆಮೆಯಂತೆ ತೆವಳುತ್ತದೆ. ಕೆಲವು ತಿಂಗಳು ತಾರೀಖು ಮುಂದಕ್ಕೆ, ಕೆಲವು ತಿಂಗಳು ನಿಂತಲ್ಲೇ, ಒಮ್ಮೊಮ್ಮೆ ವರ್ಷಗಟ್ಟಲೆ ಹಿಂದಕ್ಕೆ. ಇದನ್ನು ಓದುವಾಗ ಇವರ ಮುಖಭಾವ ಶನಿ ವಕ್ರಿಯಾದನೆಂದು ಓದಿದ ಅತ್ತೆಯದೇ. ಅತ್ತೆಗೆ ವಿಷಯ ತಿಳಿದ ಮೇಲೆ ಶನಿವಾರ ಒಂದು ಎಳ್ಳೆಣ್ಣೆ ದೀಪ ಹೆಚ್ಚಾಯಿತು. ಆರಿಸಬೇಕೆಂದು ಇವರೂ ಹೇಳಲಿಲ್ಲ.

ಆ್ಯಪ್ ಕನ್ನಡ ಕೂಟದ ಹೆಂಗಸರ ವಾಟ್ಸ್ಯಾಪ್ ಗುಂಪು ತಲುಪಿದ ಮೇಲೆ ಇವರ ನೆಮ್ಮದಿ ಹೋಯಿತು. ಸ್ಮಾರ್ತರ ಏಕಾದಶಿ ತೋರಿಸಿದರೆ ಮಾಧ್ವರಿಂದ ಮೆಸೇಜು, ದಶಮಿಯ ವೇಧೆ ನೋಡಿಲ್ಲ ಅಂತ. ವೈಷ್ಣವರದು ಹಾಕಿದರೆ ನಮ್ಮ ಬೀದಿಯವರಿಂದಲೇ ಆಕ್ಷೇಪಣೆ. ಒಬ್ಬರಿಗೆ ತಾಯಿಯ ಶ್ರಾದ್ಧದ ತಿಥಿ ಬೇಕು, ಇನ್ನೊಬ್ಬರಿಗೆ ಕಾರು ಕೊಳ್ಳಲು ಒಳ್ಳೆಯ ದಿನ, ಅದೂ ಡೀಲರು ರಿಯಾಯಿತಿ ಕೊಡುವ ವಾರಾಂತ್ಯದಲ್ಲೇ. ಐಫೋನಿನವರಿಗಾಗಿ ಆ್ಯಪಲ್‌ಗೆ ವರ್ಷಕ್ಕೆ 99 ಡಾಲರು ಕಟ್ಟಿದ್ದೂ ಆಯಿತು. ನನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನು ‘ದೇವರ ಖರ್ಚು’ ಎಂಬ ಬಾಬತ್ತಿಗೆ ಹಾಕಿದ್ದೇನೆ.

ಇಷ್ಟೆಲ್ಲ ಗಲಾಟೆಯಾದ ಮೇಲೆ ಇವರು ಕಚೇರಿಯ ನಿಯಮವನ್ನೇ ಮನೆಗೂ ತಂದರು. ಯಾರೇ ಕೋಡು ತಿದ್ದಲಿ, ಇನ್ನೊಬ್ಬರು ನೋಡಿ ಒಪ್ಪದೆ ಅದು ಒಳಗೆ ಹೋಗುವಂತಿಲ್ಲ. ಶಾಸ್ತ್ರ ತಿಳಿದವರು ಮನೆಯಲ್ಲಿ ಅತ್ತೆ ಒಬ್ಬರೇ ಆದ್ದರಿಂದ ಅವರ ಟ್ಯಾಬ್ಲೆಟ್ಟಿನಲ್ಲಿ ಒಂದು ಹಸಿರು ಗುಂಡಿ ಕೂರಿಸಿ, ‘ಸರಿ ಅನ್ನಿಸಿದರೆ ಇದನ್ನ ಒತ್ತು’ ಎಂದು ಅಧಿಕಾರ ಕೊಟ್ಟರು. ಆರನೇ ತರಗತಿಯ ನಮ್ಮ ಪುಟ್ಟಿ ಶಾಲೆಯಲ್ಲಿ ಪೈಥಾನ್ ಕಲಿಯುತ್ತಿದ್ದಾಳೆ. ಅವಳಿಗೂ ಬಣ್ಣಗಿಣ್ಣ ಬದಲಿಸಲು ಪ್ರವೇಶ ಸಿಕ್ಕಿತು.

ನಮ್ಮ ಮನೆಯಲ್ಲಿ ಶುಕ್ರವಾರ ರಾತ್ರಿ ಪಿಜ್ಜಾ. ಏಕಾದಶಿಯಾದರೆ ಪಿಜ್ಜಾ ಇಲ್ಲ, ಎಲ್ಲರಿಗೂ ಅವಲಕ್ಕಿ. ಅತ್ತೆ ಬಂದ ಮೇಲಿನ ಕಟ್ಟಳೆ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು ಮಾಡಿಸಿಕೊಟ್ಟ ಮೇಲೆ ಅತ್ತೆಯೂ ಎರಡು ತುಂಡು ತಿನ್ನುತ್ತಾರೆ ಎಂಬುದನ್ನು ನಾನು ಹೇಳಿದೆ ಎಂದು ಯಾರಿಗೂ ಹೇಳಬೇಡಿ.

ಮೊನ್ನೆ ಒಂದು ಶುಕ್ರವಾರ ಪಿಜ್ಜಾ ತಿಂದು ಕೈ ತೊಳೆಯುತ್ತಿರುವಾಗ ಇವರ ಫೋನು ಒಂದೇ ಸಮನೆ ಗುಂಯ್‌ಗುಟ್ಟಿತು. ದೇವಸ್ಥಾನದವರು ಏಕಾದಶಿ ಇವತ್ತು ಅಂತಾರೆ, ನಿಮ್ಮ ಆ್ಯಪ್ ನಾಳೆ ಅನ್ನುತ್ತೆ, ಯಾವುದು ಸರಿ? ಇವರು ಲ್ಯಾಪ್‌ಟಾಪ್ ತೆರೆದರು. ನಾಸಾ ಸರಿಯಿತ್ತು. ಸ್ವಿಟ್ಜರ್ಲೆಂಡು ಸರಿಯಿತ್ತು. ಯಾರು ಯಾವಾಗ ಏನು ತಿದ್ದಿದರು ಎಂಬ ಪಟ್ಟಿ ತೆಗೆದರೆ ಅದರ ತುದಿಯಲ್ಲಿ ಪುಟ್ಟಿಯ ಹೆಸರು, ಎರಡೇ ಸಾಲು: ಏಕಾದಶಿ ಶುಕ್ರವಾರ ಬಂದರೆ ಮರುದಿನಕ್ಕೆ ತಳ್ಳು. ಕೆಳಗೆ ಹಸಿರು ಗುರುತು.

‘ಅಮ್ಮಾ, ಇದನ್ನ ನೀನು ಒಪ್ಪಿದೆಯಾ?’

ಅತ್ತೆ ಕನ್ನಡಕ ಸರಿಮಾಡಿಕೊಂಡರು.

‘ಶುಕ್ರವಾರ ಹೊಸದೇನೂ ಮಾಡಬಾರದು ಅಂತ ನೀನೇ ಹೇಳಿದ್ದೆಯಲ್ಲೋ. ಅದಕ್ಕೇ ಗುರುವಾರ ಸಾಯಂಕಾಲ, ರಾಹುಕಾಲ ಕಳೆದ ಮೇಲೆ ಒತ್ತಿದೆ.’